ಎರಡು ಪಿಂಚಣಿಯ ಮನೆಗೆ ಎಷ್ಟು ಕಾರ್ಡು ಬೇಕು?

ಪ್ರಶ್ನೆ: ನನಗೀಗ 71 ವರ್ಷ. ಬೆಂಗಳೂರಿನ ಎ.ಜಿ. ಆಫೀಸಿನಲ್ಲಿ ಸೀನಿಯರ್ ಅಕೌಂಟೆಂಟ್ ಆಗಿ ನಿವೃತ್ತನಾದವನು. ನನ್ನ ಹೆಂಡತಿ ತಾಳಗುಪ್ಪ ಸುತ್ತಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಟೀಚರ್ ಆಗಿದ್ದಳು, ಅವಳಿಗೆ 68. ನೌಕರಿ ಮುಗಿಯುವವರೆಗೂ ನಾನು ಅಲ್ಲಿ, ಅವಳು ಇಲ್ಲಿ. ನಿವೃತ್ತಿಯಾದ ಮೇಲೆ ಹೊನ್ನೆಮರಡು ಹತ್ತಿರದ ನಮ್ಮ ತೋಟಕ್ಕೆ ಬಂದು ಸೇರಿದೆ. ಸರ್ವಿಸಿನಲ್ಲಿದ್ದಾಗ ಕೇಂದ್ರ ಸರ್ಕಾರದ ಆರೋಗ್ಯ ಯೋಜನೆಯ (ಸಿಜಿಎಚ್‌ಎಸ್) ಕಾರ್ಡು ಇತ್ತು, ಸಂಬಳದಲ್ಲಿ ಹಿಡಿಯುತ್ತಿದ್ದರು. ಊರಿಗೆ ಬಂದವನಿಗೆ ಬೆಂಗಳೂರಿನ ಡಿಸ್ಪೆನ್ಸರಿ ಯಾಕೆ ಅಂತ ಕಾರ್ಡು ಬಿಟ್ಟು, ತಿಂಗಳ ಮೆಡಿಕಲ್ ಅಲೋಯನ್ಸ್ ಬರೆಸಿಕೊಂಡೆ. ಈಗ ಪಿಂಚಣಿ ಜೊತೆ ಸಾವಿರ ರೂಪಾಯಿ ಬರುತ್ತಿದೆ.

ಹೆಂಡತಿಗೆ ಸಕ್ಕರೆ ಕಾಯಿಲೆ ಇದೆ. ಮಂಡಿ ಎರಡೂ ಸವೆದಿವೆ, ಬದಲಿಸಬೇಕು ಅಂತ ಶಿವಮೊಗ್ಗದ ಡಾಕ್ಟರು ಹೇಳಿದ್ದಾರೆ. 70 ದಾಟಿದವರಿಗೆ ಐದು ಲಕ್ಷದ ಆಯುಷ್ಮಾನ್ ಕಾರ್ಡು ಬಂದಿದೆ, ಮಾಡಿಸಿ, ಇಬ್ಬರಿಗೂ ಆಗುತ್ತೆ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಮಗ ಬೆಂಗಳೂರಿನಲ್ಲಿ ಖಾಸಗಿ ಕಂಪನಿಯಲ್ಲಿದ್ದಾನೆ, ಅವನ ಪಾಲಿಸಿಯಲ್ಲಿ ನಮ್ಮ ಹೆಸರೂ ಇದೆ. ನಾಳೆ ಆಸ್ಪತ್ರೆ ಸೇರಿದರೆ ಯಾವ ಕಾರ್ಡು ತೋರಿಸಬೇಕು? ಒಂದು ತೋರಿಸಿದರೆ ಇನ್ನೊಂದು ಕೈತಪ್ಪುತ್ತದೆಯೇ? ಮಗನ ಹತ್ತಿರ ಪದೇಪದೇ ದುಡ್ಡಿನ ಮಾತೆತ್ತಲು ಮನಸ್ಸು ಬರುವುದಿಲ್ಲ. ನನಗಿಂತ ಮುಂಚೆ ಅವಳಿಗೇನಾದರೂ ಆದರೆ ಎಂಬ ಯೋಚನೆಯಲ್ಲಿ ರಾತ್ರಿ ನಿದ್ದೆ ಹತ್ತುತ್ತಿಲ್ಲ.

— ಓದುಗರು, ಸಾಗರ ತಾಲ್ಲೂಕು

ಉತ್ತರ: ಹಿರಿಯರೇ, ನಿಮ್ಮ ನಿದ್ದೆ ಕೆಡಿಸಿರುವ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನೀವು ಊರಿಗೆ ಬರುವಾಗ ಬಿಟ್ಟುಬಂದ ಸಿಜಿಎಚ್‌ಎಸ್ ಕಾರ್ಡನ್ನು ಮತ್ತೆ ಮಾಡಿಸಿ. ಅದರಲ್ಲಿ ನಿಮ್ಮ ಮನೆಯವರ ಹೆಸರೂ ಇರಲಿ. ತಿಂಗಳ ಸಾವಿರ ರೂಪಾಯಿಯನ್ನು ಬಿಡಬೇಕಾಗಿಲ್ಲ. ಆಯುಷ್ಮಾನ್ ಕಾರ್ಡಿನ ಆಸೆಗೆ ಸಿಜಿಎಚ್‌ಎಸ್ ಹಕ್ಕನ್ನು ಮಾತ್ರ ಬಿಟ್ಟುಕೊಡಬೇಡಿ.

ಅಲೋಯನ್ಸ್ ತೆಗೆದುಕೊಂಡವರಿಗೆ ಸಿಜಿಎಚ್‌ಎಸ್ ಬಾಗಿಲು ಮುಚ್ಚಿತು ಎಂದು ನಮ್ಮ ಕಡೆಯ ಬಹಳಷ್ಟು ಕೇಂದ್ರ ಪಿಂಚಣಿದಾರರು ತಿಳಿದಿದ್ದಾರೆ. ಅದು ಅರ್ಧ ಸತ್ಯ. ಸಿಜಿಎಚ್‌ಎಸ್ ಇಲ್ಲದ ಊರಿನಲ್ಲಿರುವ ಪಿಂಚಣಿದಾರರಿಗೆ ಆಯ್ಕೆ ಎರಡಲ್ಲ, ಮೂರು. ಹತ್ತಿರದ ಸಿಜಿಎಚ್‌ಎಸ್ ಊರಿನಲ್ಲಿ ಹೆಸರು ನೋಂದಾಯಿಸಿ ಹೊರರೋಗಿ, ಒಳರೋಗಿ ಸೌಲಭ್ಯ ಎರಡನ್ನೂ ಅಲ್ಲೇ ಪಡೆಯಬಹುದು. ಏನೂ ಬೇಡವೆಂದು ಬರೀ ಅಲೋಯನ್ಸ್ ಪಡೆಯಬಹುದು, ನೀವು ಮಾಡಿದ್ದು ಇದನ್ನೇ. ಮೂರನೆಯದು ನಡುವಿನ ದಾರಿ: ದಿನದ ಮಾತ್ರೆ, ಡಾಕ್ಟರ ಫೀಸು, ರಕ್ತಪರೀಕ್ಷೆಗೆ ತಿಂಗಳ ಅಲೋಯನ್ಸ್, ಆಸ್ಪತ್ರೆಯಲ್ಲಿ ಅಡ್ಮಿಟ್ ಆಗುವಂಥ ಕಾಯಿಲೆಗೆ ಸಿಜಿಎಚ್‌ಎಸ್ ಕಾರ್ಡು. ತಾಳಗುಪ್ಪದಲ್ಲಿ ರೈಲು ಹತ್ತಿ ಮುನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ ಬಿ.ಪಿ. ಮಾತ್ರೆ ತರುವುದು ಆಗದ ಮಾತು, ನಿಮ್ಮ ಅಂದಿನ ಲೆಕ್ಕ ಅಷ್ಟರಮಟ್ಟಿಗೆ ಸರಿಯೇ ಇತ್ತು. ಆದರೆ ಮಂಡಿ ಬದಲಿಸಲು, ಎದೆಗೆ ಸ್ಟೆಂಟ್ ಹಾಕಿಸಲು ಹೇಗಿದ್ದರೂ ಊರು ಬಿಟ್ಟು ಹೋಗಲೇಬೇಕಲ್ಲ. ಆ ಖರ್ಚಿಗೆ ಸಾವಿರ ರೂಪಾಯಿ ಯಾವ ಮೂಲೆಗೆ?

ಈಗ ದುಡ್ಡಿನ ಲೆಕ್ಕ. ಪಿಂಚಣಿದಾರರು ವರ್ಷವರ್ಷವೂ ವಂತಿಗೆ ಕಟ್ಟಬಹುದು, ಇಲ್ಲವೇ ಹತ್ತು ವರ್ಷದ ವಂತಿಗೆಯನ್ನು ಒಟ್ಟಿಗೆ ಕಟ್ಟಿ ಜೀವಮಾನದ ಕಾರ್ಡು ಪಡೆಯಬಹುದು. ವಂತಿಗೆ ವೇತನ ಶ್ರೇಣಿಗೆ ತಕ್ಕಂತೆ: 1ರಿಂದ 5ನೇ ಹಂತದವರಿಗೆ ತಿಂಗಳಿಗೆ 250 ರೂಪಾಯಿ, 6ನೇ ಹಂತಕ್ಕೆ 450, 7ರಿಂದ 11ರವರೆಗೆ 650, ಅದಕ್ಕೂ ಮೇಲಿನವರಿಗೆ 1,000. ಸೀನಿಯರ್ ಅಕೌಂಟೆಂಟ್ ಎಂದರೆ ನೀವು 6ನೇ ಹಂತಕ್ಕೆ ಬರುತ್ತೀರಿ. 450ರಂತೆ 120 ತಿಂಗಳಿಗೆ 54,000 ರೂಪಾಯಿ. ಬಡ್ತಿಯ ಲಾಭ ಸಿಕ್ಕಿ 7ನೇ ಹಂತದಲ್ಲಿ ನಿವೃತ್ತರಾಗಿದ್ದರೆ 78,000. ಒಮ್ಮೆ ಕಟ್ಟಿದರೆ ಇಬ್ಬರಿಗೂ ಜೀವನಪರ್ಯಂತ. 2017ರ ಜುಲೈನಿಂದ ನಿಮಗೆ ಬರುತ್ತಿರುವ ಸಾವಿರ ರೂಪಾಯಿ ವರ್ಷಕ್ಕೆ 12,000 ಆಯಿತು. ಅಂದರೆ 54,000 ನಾಲ್ಕೂವರೆ ವರ್ಷದ ಅಲೋಯನ್ಸಿಗೆ ಸಮನಾದ ಮೊತ್ತ. 71 ವಯಸ್ಸಿಗೆ, ಸಕ್ಕರೆ ಕಾಯಿಲೆ ಇರುವ ಹೆಂಡತಿಯನ್ನೂ ಸೇರಿಸಿ, ಇರುವ ಕಾಯಿಲೆಗೂ ಮೊದಲ ದಿನದಿಂದಲೇ ಚಿಕಿತ್ಸೆ ಕೊಡುವ ಪಾಲಿಸಿ ಈ ದುಡ್ಡಿಗೆ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ವರ್ಷಕ್ಕೆ ಇಷ್ಟೇ ಎಂಬ ಒಟ್ಟು ಮಿತಿಯೂ ಸಿಜಿಎಚ್‌ಎಸ್‌ಗೆ ಇಲ್ಲ. ಒಂದೊಂದು ಚಿಕಿತ್ಸೆಗೆ ನಿಗದಿಯಾದ ದರವಿದೆ, ಅಷ್ಟೇ.

ಹೆಂಡತಿಯೂ ಪಿಂಚಣಿದಾರಳು, ಅದೂ ರಾಜ್ಯ ಸರ್ಕಾರದ್ದು, ನನ್ನ ಕಾರ್ಡಿಗೆ ಹೇಗೆ ಸೇರಿಸಲಿ ಎಂದು ನೀವು ಕೇಳಬಹುದು. ಅವಲಂಬಿತರ ವರಮಾನಕ್ಕೆ ಸಿಜಿಎಚ್‌ಎಸ್‌ನಲ್ಲಿ ಮಿತಿ ಇದೆ, ನಿಜ. ಆ ಮಿತಿ ತಂದೆ ತಾಯಿಗೆ, ಮಕ್ಕಳಿಗೆ. ಗಂಡ ಹೆಂಡತಿಗೆ ಅನ್ವಯಿಸುವುದಿಲ್ಲ. ನಿಮ್ಮ ಮನೆಯವರು ರಾಜ್ಯ ಸರ್ಕಾರದಿಂದ ಬೇರೆ ವೈದ್ಯಕೀಯ ಸೌಲಭ್ಯ ಪಡೆಯುತ್ತಿರಬಾರದು, ಹಾಗೆಂದು ಬರೆದುಕೊಡಬೇಕು. ಅದನ್ನು ಬರೆದುಕೊಡಲು ಅವರಿಗೆ ಅಡ್ಡಿಯೇನೂ ಇಲ್ಲ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಜೀವನವಿಡೀ ಮಳೆಗಾಲದಲ್ಲಿ ಹಳ್ಳ ದಾಟಿ ಶಾಲೆ ನಡೆಸಿದ ಅಕ್ಕೋರು ನಿವೃತ್ತಿಯಾದ ಮರುದಿನದಿಂದ ಆಸ್ಪತ್ರೆ ಖರ್ಚಿನ ಮಟ್ಟಿಗೆ ಸರ್ಕಾರಕ್ಕೆ ಯಾರೋ ಆಗಿಬಿಡುತ್ತಾರೆ. ರಾಜ್ಯದ 1963ರ ವೈದ್ಯಕೀಯ ಹಾಜರಾತಿ ನಿಯಮಗಳು ಸೇವೆಯಲ್ಲಿದ್ದವರಿಗೆ ಮಾಡಿದವು. ರಾಜ್ಯ ನೌಕರರ ಜ್ಯೋತಿ ಸಂಜೀವಿನಿ ಯೋಜನೆಯೂ ಹಾಗೆಯೇ. 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕರ್ನಾಟಕ ಆರೋಗ್ಯ ಸಂಜೀವಿನಿ ಯೋಜನೆಯಲ್ಲಿ ಎ ಗುಂಪಿನವರಿಂದ ತಿಂಗಳಿಗೆ 1,000, ಬಿ ಗುಂಪಿಗೆ 500, ಸಿ ಗುಂಪಿಗೆ 350, ಡಿ ಗುಂಪಿಗೆ 250 ರೂಪಾಯಿ ಹಿಡಿದು ನಗದುರಹಿತ ಚಿಕಿತ್ಸೆ ಕೊಡುತ್ತಾರೆ. ಅದೂ ಸಂಬಳದ ಪಟ್ಟಿಯಲ್ಲಿ ಇರುವವರನ್ನು ನೋಡಿ ಮಾಡಿದ ಏರ್ಪಾಡು. ನಮ್ಮಿಂದಲೂ ವಂತಿಗೆ ಹಿಡಿಯಿರಿ, ನಮ್ಮನ್ನೂ ಸೇರಿಸಿ ಎಂದು ನಿವೃತ್ತರು ಕೇಳುತ್ತಲೇ ಬಂದಿದ್ದಾರೆ. ಅದು ನ್ಯಾಯವಾದ ಬೇಡಿಕೆ. ದೇಹಕ್ಕೆ ಆಸ್ಪತ್ರೆ ಬೇಕಾಗುವುದು ಅರವತ್ತರ ನಂತರವೇ ಹೆಚ್ಚು. ನಿಮ್ಮ ಮನೆಯಲ್ಲಿ ನಿಮ್ಮ ಕೇಂದ್ರ ಪಿಂಚಣಿ ಇರುವುದರಿಂದ ನಿಮ್ಮವರಿಗೆ ಆಸರೆ ಸಿಕ್ಕಿತು. ಗಂಡ ಹೆಂಡತಿ ಇಬ್ಬರೂ ರಾಜ್ಯ ಸರ್ಕಾರದ ನಿವೃತ್ತರಾಗಿರುವ ಮನೆಗಳು ಸಾಗರ, ಹೊಸನಗರ, ತೀರ್ಥಹಳ್ಳಿಯಲ್ಲಿ ಎಷ್ಟಿಲ್ಲ? ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಐದು ಲಕ್ಷದ ಕಾರ್ಡಿನ ಸಂಗತಿ ಹೀಗಿದೆ. 70 ತುಂಬಿದ ಎಲ್ಲರಿಗೂ, ಆದಾಯ ನೋಡದೆ, ಆಯುಷ್ಮಾನ್ ಭಾರತ್ ಅಡಿಯಲ್ಲಿ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಎಂದು ಕೇಂದ್ರ ಸಂಪುಟ 2024ರ ಸೆಪ್ಟೆಂಬರ್ 11ರಂದು ಒಪ್ಪಿತು. ಅಕ್ಟೋಬರ್ 29ರಂದು ಚಾಲನೆ ಸಿಕ್ಕಿತು. ಆಯುಷ್ಮಾನ್ ವಯವಂದನ ಕಾರ್ಡು ಎಂದು ಅದರ ಹೆಸರು. ಪಕ್ಕದ ಮನೆಯವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ, ಆದರೆ ಎರಡು ಕಡೆ ತಪ್ಪಿದ್ದಾರೆ. ಒಂದು, ಇದು 70 ತುಂಬಿದವರಿಗೆ ಮಾತ್ರ. ನಿಮ್ಮ ಕಾರ್ಡಿನಲ್ಲಿ 68ರ ನಿಮ್ಮ ಮನೆಯವರ ಮಂಡಿಗೆ ಒಂದು ರೂಪಾಯಿಯೂ ಸಿಗುವುದಿಲ್ಲ. ಅವರಿಗೂ 70 ತುಂಬಿದ ಮೇಲೆ ಕಾರ್ಡು ಸಿಕ್ಕರೂ ಐದು ಲಕ್ಷ ಇಬ್ಬರಿಗೂ ಸೇರಿ, ತಲಾ ಐದು ಲಕ್ಷ ಅಲ್ಲ. ಇನ್ನೊಂದು, ಸಿಜಿಎಚ್‌ಎಸ್, ಮಾಜಿ ಸೈನಿಕರ ಇಸಿಎಚ್‌ಎಸ್, ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಆಯುಷ್ಮಾನ್ ಇವುಗಳಲ್ಲಿ ಇರುವವರು ಎರಡನ್ನೂ ಇಟ್ಟುಕೊಳ್ಳುವ ಹಾಗಿಲ್ಲ. ಅದು ಅಥವಾ ಇದು. ಇವತ್ತು ಇದು, ಮುಂದಿನ ವರ್ಷ ಅದು ಎಂದು ಬದಲಿಸುತ್ತ ಹೋಗಬಹುದೆಂಬ ಭರವಸೆಯಲ್ಲಿ ಯಾರೂ ಸಹಿ ಹಾಕಬೇಡಿ. ಖಾಸಗಿ ವಿಮೆ ಇರುವವರಿಗೆ, ಇಎಸ್ಐ ಇರುವವರಿಗೆ ಈ ತೊಡಕಿಲ್ಲ, ಅವರು ಎರಡನ್ನೂ ಇಟ್ಟುಕೊಳ್ಳಬಹುದು.

ವಯವಂದನ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಬೇರೆ ಯಾವ ಆಸರೆಯೂ ಇಲ್ಲದವರಿಗೆ ಅದು ದೊಡ್ಡ ವರ. ಕಾರ್ಡಿಗೆ ದುಡ್ಡು ಕಟ್ಟಬೇಕಿಲ್ಲ, ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ಅನ್ವಯ. ಆದರೆ ಅದು ಅಡ್ಮಿಟ್ ಆದವರಿಗಷ್ಟೇ. ತಿಂಗಳ ಮಾತ್ರೆಗೆ ಅಲ್ಲ. ನಿಮ್ಮ ಮುಂದಿರುವುದು ಹೆಂಡತಿಯನ್ನೂ ಒಳಗೊಳ್ಳುವ, ಒಟ್ಟು ಮಿತಿ ಇಲ್ಲದ ಒಂದು ಸೌಲಭ್ಯ ಮತ್ತು ನಿಮ್ಮೊಬ್ಬರನ್ನೇ ಒಳಗೊಳ್ಳುವ, ಮಿತಿ ಇರುವ ಇನ್ನೊಂದು. ಇವೆರಡರ ನಡುವೆ ನನಗೆ ಅನುಮಾನವೇ ಇಲ್ಲ.

ಸಿಜಿಎಚ್‌ಎಸ್‌ಗೆ ನಮ್ಮ ಊರಿನ ಮಟ್ಟಿಗೆ ಒಂದು ಕೊರತೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಅದರ ಪಟ್ಟಿಯಲ್ಲಿರುವ ಆಸ್ಪತ್ರೆಗಳು ದೊಡ್ಡ ಊರುಗಳಲ್ಲೇ ಹೆಚ್ಚು. ಮಂಡಿ ಶಸ್ತ್ರಚಿಕಿತ್ಸೆಯಂಥ ಮೊದಲೇ ಗೊತ್ತಿರುವ ಕೆಲಸಕ್ಕೆ ಇದು ತೊಂದರೆಯಲ್ಲ. ಕಾರ್ಡು ಬಂದ ಮೇಲೆ ಬೆಂಗಳೂರಿನ ನಿಮ್ಮ ವೆಲ್‌ನೆಸ್ ಸೆಂಟರಿಗೆ ಹೋಗಿ, ಶಿವಮೊಗ್ಗದ ಡಾಕ್ಟರ ಚೀಟಿ, ಎಕ್ಸ್‌ರೇ, ಸಕ್ಕರೆಯ ರಿಪೋರ್ಟು ತೋರಿಸಿ ರೆಫರಲ್ ಬರೆಸಿಕೊಳ್ಳಿ. ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಪಿಂಚಣಿದಾರರಿಗೆ ನಗದುರಹಿತ ಚಿಕಿತ್ಸೆ. ಮಗ ಅಲ್ಲೇ ಇರುವುದರಿಂದ ಆಪರೇಷನ್ ಆದ ಮೇಲಿನ ವಾರಗಳ ಆರೈಕೆಗೂ ಅನುಕೂಲ. ಎರಡು ಮಂಡಿಯನ್ನೂ ಒಂದೇ ಸಲ ಮಾಡಿಸಬೇಕೇ, ಬಿಟ್ಟು ಬಿಟ್ಟು ಮಾಡಿಸಬೇಕೇ ಎನ್ನುವುದನ್ನು ಮಾತ್ರ ಡಾಕ್ಟರ ತೀರ್ಮಾನಕ್ಕೆ ಬಿಡಿ. ಸಕ್ಕರೆ ಹತೋಟಿಗೆ ಬರುವ ತನಕ ಅವರು ಕಾಯಿಸಬಹುದು. ಆ ಸಮಯ ಕಾರ್ಡಿನ ಕೆಲಸಕ್ಕೆ ಸಾಕು.

ರಾತ್ರಿ ಎರಡು ಗಂಟೆಗೆ ಎದೆನೋವು ಬಂದರೆ ಬೇರೆ ಲೆಕ್ಕ. ಆಗ ಯಾವ ಕಾರ್ಡು ಎಂಬ ಯೋಚನೆಯೇ ಬೇಡ. 108ಕ್ಕೆ ಫೋನ್ ಮಾಡಿ, ಸಾಗರದ ಉಪವಿಭಾಗೀಯ ಆಸ್ಪತ್ರೆಗೆ, ಅಲ್ಲಿಂದ ಕಳಿಸಿದರೆ ಶಿವಮೊಗ್ಗಕ್ಕೆ. ಶಿವಮೊಗ್ಗದ ಮೆಗ್ಗಾನ್ ಸರ್ಕಾರಿ ಆಸ್ಪತ್ರೆ, ಅಲ್ಲಿ ಚಿಕಿತ್ಸೆಗೆ ನಿಮ್ಮ ಸಿಜಿಎಚ್‌ಎಸ್ ಅಡ್ಡ ಬರುವುದಿಲ್ಲ. ನಮ್ಮವರು ದೊಡ್ಡ ಕಾಯಿಲೆ ಎಂದರೆ ಘಟ್ಟ ಇಳಿದು ಮಣಿಪಾಲಕ್ಕೆ ಹೋಗುವವರು. 2025ರ ಜುಲೈ 14ರಂದು ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಸಾಗರದಿಂದ ಕೊಲ್ಲೂರಿನ ದಾರಿಯಲ್ಲಿ ಅಲ್ಲಿಗೆ ಹೋಗುವವರಿಗೆ ಲಾಂಚಿಗಾಗಿ ಕಾಯುವುದು ತಪ್ಪಿದೆ. ತುರ್ತಿನಲ್ಲಿ ಸಿಜಿಎಚ್‌ಎಸ್ ಪಟ್ಟಿಯಲ್ಲಿಲ್ಲದ ಖಾಸಗಿ ಆಸ್ಪತ್ರೆಗೆ ಸೇರಿದರೂ ಸಿಜಿಎಚ್‌ಎಸ್ ದರದಲ್ಲಿ ಹಣ ವಾಪಸು ಕೇಳಬಹುದು. ಅದಕ್ಕೆ ತುರ್ತು ಪರಿಸ್ಥಿತಿ ಇತ್ತು ಎಂದು ಆಸ್ಪತ್ರೆ ಬರೆದುಕೊಟ್ಟ ಪತ್ರ, ಡಿಸ್ಚಾರ್ಜ್ ಸಮ್ಮರಿ, ವಿವರವಾದ ಬಿಲ್ಲು, ಹಣ ಕಟ್ಟಿದ ರಸೀದಿ ಬೇಕು. ಡಿಸ್ಚಾರ್ಜ್ ಆಗುವ ಗಡಿಬಿಡಿಯಲ್ಲಿ ಎಲ್ಲರೂ ಮರೆಯುವುದು ಆ ಮೊದಲನೆಯ ಪತ್ರವನ್ನು. ಮನೆಗೆ ಬಂದ ಮೇಲೆ ಅದಕ್ಕಾಗಿ ಮತ್ತೆ ಘಟ್ಟ ಇಳಿಯಬೇಕಾಗುತ್ತದೆ.

(ಇನ್ನೊಂದು ಮಾತು. ನೀವಿರುವುದು ಮಂಗನ ಕಾಯಿಲೆಯ ಸೀಮೆ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಾದ ಕಾಯಿಲೆ 2019ರಲ್ಲಿ ನಿಮ್ಮದೇ ತಾಲ್ಲೂಕಿನ ಅರಳಗೋಡನ್ನು ಹೇಗೆ ಕಾಡಿತೆಂದು ನೀವು ಕಂಡಿದ್ದೀರಿ. ಬೇಸಿಗೆಯಲ್ಲಿ ತೋಟ, ಸೊಪ್ಪಿನಬೆಟ್ಟಕ್ಕೆ ಹೋಗಿ ಬಂದವರಿಗೆ ಜ್ವರ ಬಂದರೆ ಇನ್ಶೂರೆನ್ಸ್ ಲೆಕ್ಕ ಹಾಕುತ್ತ ಮನೆಯಲ್ಲಿ ಮಲಗಬೇಡಿ, ಆ ದಿನವೇ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ.)

ಮಗನ ಪಾಲಿಸಿಯನ್ನು ಎಲ್ಲಿ ಬಳಸಬೇಕು? ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಸಿಜಿಎಚ್‌ಎಸ್ ಮೇಲೆ ನಗದುರಹಿತವಾಗಿ ಸೇರಿದರೆ ಅದರ ಅಗತ್ಯವೇ ಬೀಳದಿರಬಹುದು. ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಾದರೆ ಅಥವಾ ಬಿಲ್ಲು ಸಿಜಿಎಚ್‌ಎಸ್ ದರಕ್ಕಿಂತ ಬಹಳ ಮೇಲೆ ಹೋಗುವ ಹಾಗಿದ್ದರೆ ಪಾಲಿಸಿ ಕೈಹಿಡಿಯುತ್ತದೆ. ಎರಡೂ ಕಡೆಯಿಂದ ಹಣ ಕೇಳಲು ಸಿಜಿಎಚ್‌ಎಸ್ ಒಪ್ಪುತ್ತದೆ, ಆದರೆ ಸರದಿ ತಪ್ಪಬಾರದು. ಮೂಲ ಬಿಲ್ಲುಗಳು ಮೊದಲು ವಿಮಾ ಕಂಪನಿಗೆ ಹೋಗಬೇಕು. ಅವರು ಇಷ್ಟು ಕೊಟ್ಟಿದ್ದೇವೆ ಎಂದು ಬರೆದುಕೊಟ್ಟ ಪತ್ರ ಮತ್ತು ಅವರು ದೃಢೀಕರಿಸಿದ ಬಿಲ್ಲಿನ ನಕಲು ಇಟ್ಟುಕೊಂಡು ಉಳಿದದ್ದನ್ನು ಸಿಜಿಎಚ್‌ಎಸ್‌ನಲ್ಲಿ ಕೇಳಬೇಕು. ಎರಡೂ ಸೇರಿ ಖರ್ಚಾದದ್ದಕ್ಕಿಂತ ಹೆಚ್ಚು ಬರುವುದಿಲ್ಲ, ಸಿಜಿಎಚ್‌ಎಸ್ ತನ್ನ ದರದ ಮೇಲೆ ಕೊಡುವುದೂ ಇಲ್ಲ. ಮೂಲ ಬಿಲ್ಲನ್ನು ಮೊದಲು ಸಿಜಿಎಚ್‌ಎಸ್‌ಗೆ ಕೊಟ್ಟು ಆಮೇಲೆ ಕಂಪನಿಯ ಬಾಗಿಲು ತಟ್ಟಿದವರು ಎರಡೂ ಕಡೆ ಅಲೆದಿದ್ದಾರೆ.

ಆದರೆ ಆ ಪಾಲಿಸಿಯನ್ನೇ ನಂಬಿ ಕೂರಬೇಡಿ. ಅದು ಮಗನ ಕೆಲಸದ ಜೊತೆ ಬಂದದ್ದು. ಅವನು ಕಂಪನಿ ಬಿಟ್ಟರೆ, ಕಂಪನಿ ತಂದೆ ತಾಯಿಯ ಹೆಸರು ಕೈಬಿಟ್ಟರೆ, ಅದೂ ಹೋಗುತ್ತದೆ. ಮಗನ ಹತ್ತಿರ ಮಾತೆತ್ತಲು ಮುಜುಗರ ಎಂದಿದ್ದೀರಿ. ನೀವು ಅವನ ಹತ್ತಿರ ದುಡ್ಡು ಕೇಳುತ್ತಿಲ್ಲ. ನಮ್ಮ ಹೆಸರಿಗೆ ಎಷ್ಟು ಲಕ್ಷದ ಪಾಲಿಸಿ ಇದೆ, ಮಂಡಿ ಆಪರೇಷನ್ನಿಗೆ ಅದರಲ್ಲಿ ಮಿತಿ ಇದೆಯೇ, ಬಿಲ್ಲಿನಲ್ಲಿ ಶೇಕಡಾ ಇಷ್ಟು ಎಂದು ನಾವು ಕೈಯಿಂದ ಹಾಕಬೇಕೇ, ಈ ಮೂರನ್ನು ಕೇಳುತ್ತಿದ್ದೀರಿ. ಪಾಲಿಸಿಯ ಇ-ಕಾರ್ಡನ್ನು ನಿಮ್ಮ ಫೋನಿಗೂ ಅವನ ಅಮ್ಮನ ಫೋನಿಗೂ ಕಳಿಸಲಿ. ಅಪ್ಪ ಅಮ್ಮ ಏನೂ ಹೇಳದೆ ಇದ್ದು, ಒಂದು ರಾತ್ರಿ ಇದ್ದಕ್ಕಿದ್ದಂತೆ ಫೋನ್ ಬಂದಾಗ ಮಕ್ಕಳಿಗೆ ಆಗುವ ಕಳವಳ ಈ ಮಾತುಕತೆಗಿಂತ ದೊಡ್ಡದು.

ಸಿಜಿಎಚ್‌ಎಸ್ ಅರ್ಜಿಗೆ ಬೇಕಾದ ಕಾಗದಗಳು: ಪಿಂಚಣಿ ಪಾವತಿ ಆದೇಶದ (ಪಿಪಿಒ) ಪ್ರತಿ, ಕೊನೆಯ ವೇತನ ಪ್ರಮಾಣಪತ್ರ, ಇಬ್ಬರ ಆಧಾರ್, ಫೋಟೊ, ವಿಳಾಸದ ದಾಖಲೆ, ವಂತಿಗೆ ಕಟ್ಟಿದ ರಸೀದಿ, ಮತ್ತು ಸರ್ವಿಸಿನಲ್ಲಿದ್ದಾಗಿನ ಕಾರ್ಡನ್ನು ಹಿಂದಿರುಗಿಸಿದ್ದಕ್ಕೆ ಕೊಟ್ಟ ಸರೆಂಡರ್ ಸರ್ಟಿಫಿಕೇಟು. ಇಷ್ಟು ವರ್ಷವಾದ ಮೇಲೆ ಈ ಕೊನೆಯದೇ ಸಿಗದಿರುವ ಸಂಭವ ಹೆಚ್ಚು. ಸಿಗದಿದ್ದರೆ ನೀವು ಕೆಲಸ ಮಾಡಿದ ಕಚೇರಿಗೆ ಈಗಲೇ ಪತ್ರ ಬರೆಯಿರಿ. ಹಣವನ್ನು ಸಿಜಿಎಚ್‌ಎಸ್ ಜಾಲತಾಣದ ಮೂಲಕ ಕಟ್ಟಬಹುದು. ಅರ್ಜಿಯಲ್ಲಿ ಒಳರೋಗಿ ಸೌಲಭ್ಯ ಸಿಜಿಎಚ್‌ಎಸ್‌ನಲ್ಲಿ, ಹೊರರೋಗಿ ಖರ್ಚಿಗೆ ಅಲೋಯನ್ಸ್ ಮುಂದುವರಿಯಲಿ ಎಂದು ಸ್ಪಷ್ಟವಾಗಿ ಬರೆಯಿರಿ. ಹಾಗೆ ಬರೆಯದೆ ಹೊರರೋಗಿ ಸೌಲಭ್ಯಕ್ಕೂ ಗುರುತು ಹಾಕಿಬಿಟ್ಟರೆ ಅಲೋಯನ್ಸ್ ನಿಲ್ಲುತ್ತದೆ. ಮುಂದೆ ವಯಸ್ಸಾಗಿ ಮಗನ ಮನೆಗೆ ಹೋಗಿ ಇರುವುದಾದರೆ ಅಲೋಯನ್ಸ್ ಬಿಟ್ಟು ಹೊರರೋಗಿ ಸೌಲಭ್ಯಕ್ಕೆ ಬದಲಾಗಲು ಒಂದು ಅವಕಾಶ ಇದೆ. ಅದನ್ನು ಆ ದಿನಕ್ಕೆ ಕಾಯ್ದಿಡಿ.

ಹೆಸರು, ಹುಟ್ಟಿದ ದಿನಾಂಕ ಪಿಪಿಒದಲ್ಲೂ ಆಧಾರ್‌ನಲ್ಲೂ ಒಂದೇ ಇದೆಯೇ ನೋಡಿ. ನಿಮ್ಮ ತಲೆಮಾರಿನವರಿಗೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದೇ ಜನ್ಮದಿನ. ಮನೆಯಲ್ಲಿ ಕರೆಯುವ ಹೆಸರು ಒಂದು, ದಾಖಲೆಯಲ್ಲಿ ಇನ್ನೊಂದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ನೀರು ನಿಂತ ಮೇಲೆ ಮುಳುಗಡೆಯ ಸಂಸಾರಗಳು ಒಂದೊಂದು ಕಾಗದಕ್ಕೆ ಎಷ್ಟು ಅಲೆದವೆಂದು ಹಿನ್ನೀರ ಬದಿಯಲ್ಲಿರುವ ನಿಮಗೆ ನಾನು ಹೇಳಬೇಕಿಲ್ಲ.

ನಿಮ್ಮ ಇನ್ನೊಂದು ಭಯವನ್ನು ನೀವು ತಿರುಗಿಸಿ ಬರೆದಿದ್ದೀರಿ ಎಂದು ನನಗನ್ನಿಸಿತು. ಅವರಿಗೆ ಮೊದಲು ಏನಾದರೂ ಆದರೆ ಎಂದಿದ್ದೀರಿ. ನನಗೆ ಮೊದಲು ಏನಾದರೂ ಆದರೆ ಅವರ ಗತಿಯೇನು ಎಂಬುದೂ ಅದರೊಳಗೇ ಇದೆ. ಅವರಿಗೆ ತಮ್ಮದೇ ಪಿಂಚಣಿ ಇದ್ದರೂ ನಿಮ್ಮ ಕುಟುಂಬ ಪಿಂಚಣಿ ತಪ್ಪುವುದಿಲ್ಲ. ಕುಟುಂಬ ಪಿಂಚಣಿದಾರರಾಗಿ ಸಿಜಿಎಚ್‌ಎಸ್ ಸೌಲಭ್ಯವೂ ಅವರಿಗೆ ಮುಂದುವರಿಯುತ್ತದೆ. ಇವತ್ತು ಕಟ್ಟುವ ಹಣ ಅವರ ಮುಂದಿನ ಆಸರೆಯೂ ಹೌದು. ಆದ್ದರಿಂದ ಪಿಪಿಒದಲ್ಲಿ ಅವರ ಹೆಸರು, ಜನ್ಮದಿನಾಂಕ ನಮೂದಾಗಿದೆಯೇ ಎಂದು ಈ ವಾರವೇ ತೆಗೆದು ನೋಡಿ.

ಇನ್ನು ಗಂಡ ಹೆಂಡತಿ ಇಬ್ಬರೂ ರಾಜ್ಯ ಸರ್ಕಾರದ ನಿವೃತ್ತರಾದ ಓದುಗರಿಗೆ. 70 ತುಂಬಿದ್ದರೆ ವಯವಂದನ ಕಾರ್ಡನ್ನು ಮಾಡಿಸಿಕೊಳ್ಳಿ, ನಿಮಗೆ ಬಿಟ್ಟುಕೊಡಬೇಕಾದ ಬೇರೆ ಸೌಲಭ್ಯ ಯಾವುದೂ ಇಲ್ಲ. ವಯಸ್ಸನ್ನು ಆಧಾರ್ ನೋಡಿಯೇ ಲೆಕ್ಕ ಹಾಕುತ್ತಾರೆ. 70ರ ಒಳಗಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ: ಬಿಪಿಎಲ್ ಕಾರ್ಡಿನವರಿಗೆ ಐದು ಲಕ್ಷ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30 ಮಾತ್ರ, ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಅಲ್ಲಿಂದ ರೆಫರಲ್ ತರಬೇಕು. ಯಾವ ಕಾರ್ಡೇ ಇರಲಿ, ಅಡ್ಮಿಟ್ ಆಗುವ ಮುಂಚೆ ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಕಂಡು, ಈ ಕಾರ್ಡಿಗೆ, ಈ ಚಿಕಿತ್ಸೆಗೆ, ಈ ಆಸ್ಪತ್ರೆಯಲ್ಲಿ ಆಗುತ್ತದೆಯೇ ಎಂದು ನೇರವಾಗಿ ಕೇಳಿ. 14555 ಮತ್ತು 104ಕ್ಕೆ ಫೋನ್ ಮಾಡಿಯೂ ವಿಚಾರಿಸಬಹುದು. ಮಗ ಅಥವಾ ಮಗಳು ರಾಜ್ಯ ಸರ್ಕಾರಿ ನೌಕರಿಯಲ್ಲಿದ್ದರೆ ಆರೋಗ್ಯ ಸಂಜೀವಿನಿಯಲ್ಲಿ ಅವಲಂಬಿತ ತಂದೆ ತಾಯಿಯನ್ನು ಸೇರಿಸಲು ಅವಕಾಶವಿದೆ. ಆದರೆ ತಂದೆ ತಾಯಿಯ ವರಮಾನಕ್ಕೆ ಮಿತಿ ಇರುವುದರಿಂದ ಎರಡು ಪಿಂಚಣಿ ಬರುವ ಮನೆಯವರು ಅದನ್ನು ನೆಚ್ಚಿಕೊಳ್ಳುವ ಹಾಗಿಲ್ಲ.

ಹಿರಿಯರೇ, ಕೊನೆಕೊಯ್ಲು ಶುರುವಾದರೆ ತಿಂಗಳುಗಟ್ಟಲೆ ನಿಮಗೆ ಪುರುಸೊತ್ತು ಸಿಗುವುದಿಲ್ಲ. ಅದಕ್ಕೂ ಮೊದಲು ಅರ್ಜಿ ಹಾಕಿ, ಅರ್ಜಿಯಲ್ಲಿ ಎರಡು ಹೆಸರು, ಎರಡು ಫೋಟೊ ಇರಲಿ. ಕಾರ್ಡು ಕೈಗೆ ಬಂದ ದಿನ ಇಲ್ಲಿಗೆ ಒಂದು ಸಾಲು ಬರೆಯಿರಿ.